ಚುಕ್ಕಿ ಇಟ್ಟು ಕೆಟ್ಟ ಮಾಸ್ತರ

ನಮ್ಮ ಮನೆಯ ಹಿತ್ತಲ ಕೋಣೆಯ ಬಾಗಿಲಿನ ಮೇಲೆ ಕೆತ್ತಿದ ಹೂಬಳ್ಳಿಗೆ ಬೇರಿಲ್ಲ. ಮೇಲೆ ಎಲೆ ಇದೆ, ನಡುವೆ ಮೊಗ್ಗಿದೆ, ಪಕ್ಕಕ್ಕೊಂದು ಗಿಳಿಯೂ ಕುಳಿತಿದೆ. ಬಳ್ಳಿ ನೆಲಕ್ಕೆ ಇಳಿಯುವ ಹೊತ್ತಿಗೆ ಮಾತ್ರ ಗರಗಸ ತಾಗಿದಂತೆ ತಟ್ಟನೆ ನಿಂತುಬಿಡುತ್ತದೆ. ತಾಗಿದಂತೆ ಏನು, ತಾಗಿದ್ದೇ. ಮನೆಗೆ ಬಂದ ಬೀಗರು "ಇದ್ಯಾಕ್ರೀ ಹಿಂಗ?" ಎಂದರೆ ನಾನು ಚಹಾಕ್ಕೆ ಹೇಳಿ ಬರುತ್ತೇನೆಂದು ಒಳಗೆ ಹೋಗುತ್ತೇನೆ. ಒಳಗೆ ಹೋದರೂ ಹೆಂಡತಿಯ ದನಿ ಬೆನ್ನಟ್ಟಿ ಬರುತ್ತದೆ. "ನಮ್ಮ ಮನಿಯವರು ಗಣಿತದ ಮಾಸ್ತರ ಅದಾರಲ್ರೀ, ಅದಕ್ಕ."

ಊರು ಮಲಪ್ರಭೆಯ ದಂಡೆಗೆ, ಶಿವಯೋಗ ಮಂದಿರಕ್ಕೆ ಹತ್ತಿರ. ಹಾನಗಲ್ಲ ಕುಮಾರಸ್ವಾಮಿಗಳು ಮಠಗಳಿಗೆ ಓದುಬರಹ ಬಲ್ಲ ಮರಿದೇವರನ್ನು ತಯಾರು ಮಾಡಬೇಕೆಂದು 1909ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿಯ ವಟುಗಳು ನಸುಕಿನಲ್ಲಿ ಎದ್ದು ಪಾಠ ಒಪ್ಪಿಸುತ್ತಾರೆ ಎಂಬುದನ್ನು ನಾನು ಏಳೂವರೆಗೆ ಏಳುವ ನನ್ನ ವಿದ್ಯಾರ್ಥಿಗಳಿಗೆ ಹೇಳಿ ನಾಚಿಸುತ್ತೇನೆ. ನಾನು ಏಳುವುದೂ ಏಳೂವರೆಗೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನ್ನ ಮಗಳು ಎಂಟನೇ ತರಗತಿಗೆ ಬಂದು ನನ್ನದೇ ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಕುಳಿತ ಮೇಲೆ ಗೊತ್ತಾಗಿದೆ.

ಎಂಟನೆಯ ತರಗತಿಯ ಗಣಿತದಲ್ಲಿ 'ಪರಿಮಾಣಗಳ ಹೋಲಿಕೆ' ಎಂಬ ಪಾಠವಿದೆ. ಅನುಪಾತ, ಶೇಕಡಾ, ಲಾಭ-ನಷ್ಟ, ರಿಯಾಯಿತಿ, ಬಡ್ಡಿ, ತೆರಿಗೆ ಎಲ್ಲ ಅದರಲ್ಲೇ. ಸಂಸಾರ ನಡೆಸಲು ಬೇಕಾದ ಗಣಿತವೆಲ್ಲ ಆ ಒಂದೇ ಪಾಠದಲ್ಲಿದೆ ಎಂದು ನಾನು ಪ್ರತಿವರ್ಷ ಮೇಜು ಕುಟ್ಟಿ ಹೇಳುತ್ತೇನೆ. ಇಪ್ಪತ್ತು ವರ್ಷ ಕುಟ್ಟಿದ್ದೇನೆ. ಮೇಜು ಸವೆದಿದೆ, ಸಂಸಾರದ ಲೆಕ್ಕ ಇನ್ನೂ ಕೈಗೆ ಹತ್ತಿಲ್ಲ.

ಬಾಗಿಲಿನ ಸಂಗತಿ ಹೇಳಿಬಿಡುತ್ತೇನೆ. ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಿದೆವು. ಬಾಗಿಲನ್ನು ಬನಶಂಕರಿ ಜಾತ್ರೆಯಲ್ಲಿ ಕೊಳ್ಳುವುದೆಂದು ಮನೆಯಲ್ಲಿ ಠರಾವಾಯಿತು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆ ಅದು. ಬಾಗಿಲು, ಚೌಕಟ್ಟು, ಕಿಡಕಿ ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಮನೆಯೇ ಇಲ್ಲದ ಬಾಗಿಲುಗಳ ಓಣಿ. ಹೊರಡುವ ಮುಂಚೆ ನಾನು ಟೇಪು ಹಿಡಿದು ಚೌಕಟ್ಟಿನ ಎತ್ತರ ಅಳೆದೆ. ಆರು ಫೂಟು ಐದು ಇಂಚು. ಚೀಟಿಯ ಮೇಲೆ ಶಿಸ್ತಾಗಿ ಬರೆದುಕೊಂಡೆ: 6.5.

ಓದುಗರಲ್ಲಿ ಗಣಿತ ಬಲ್ಲವರು ಈಗಾಗಲೇ ನಗುತ್ತಿರಬಹುದು, ನಗಲಿ. ಅದೇ ವಾರ ಹುಡುಗನೊಬ್ಬ 2.5 ಮೀಟರ್ ಎಂದರೆ 2 ಮೀಟರ್ 5 ಸೆಂಟಿಮೀಟರ್ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಚುಕ್ಕಿಯ ಮುಂದಿನ ಐದು ಎಂದರೆ ಹತ್ತರಲ್ಲಿ ಐದು, ಅಂದರೆ ಅರ್ಧ! ಹತ್ತು ಸಲ ಬರಿ" ಎಂದು ಷರಾ ಬರೆದಿದ್ದೆ. ಚುಕ್ಕಿಯ ಮುಂದಿನ ಐದು ಮೀಟರಿನಲ್ಲಿ ಅರ್ಧ ಮೀಟರಾದರೆ ಫೂಟಿನಲ್ಲಿ ಅರ್ಧ ಫೂಟು, ಅಂದರೆ ಆರು ಇಂಚು. ಫೂಟಿಗೆ ಇಂಚು ಹನ್ನೆರಡು, ಹತ್ತಲ್ಲ. ಜಾತ್ರೆಯ ಬಡಿಗೇರ ನನ್ನ ಚೀಟಿ ಓದಿದ. ಅವನು ಹೈಸ್ಕೂಲು ಮೆಟ್ಟಿಲು ಹತ್ತಿದವನಲ್ಲ, ಆದರೂ 6.5 ಎಂದರೆ ಆರೂವರೆ ಎಂದು ಸರಿಯಾಗಿಯೇ ತಿಳಿದ. ಆರೂವರೆ ಫೂಟಿನ ಬಾಗಿಲು ಟೆಂಪೋದಲ್ಲಿ ಬಂದಿಳಿಯಿತು. ಚೌಕಟ್ಟಿಗೆ ಹಿಡಿದರೆ ಒಂದು ಇಂಚು ಹೆಚ್ಚು.

ಊರಿನ ಬಡಿಗೇರ ಬಂದು, ಬಾಗಿಲನ್ನು ಅಂಗಳದಲ್ಲಿ ಅಡ್ಡ ಮಲಗಿಸಿ, ಹೂಬಳ್ಳಿಯ ಬೇರಿನ ಮೇಲೆ ಗರಗಸ ಇಟ್ಟ. ಪಕ್ಕದಲ್ಲೇ ಹೆಂಡತಿ ಬೆಳಿಗ್ಗೆ ಹಾಕಿದ ರಂಗೋಲಿ ಇತ್ತು. ಅದರ ಮೇಲೆ ಕಟ್ಟಿಗೆಯ ಹೊಟ್ಟು ಉದುರತೊಡಗಿತು. ಅವಳು ಒಮ್ಮೆ ರಂಗೋಲಿ ನೋಡಿದಳು, ಒಮ್ಮೆ ನನ್ನ ಚೀಟಿ ನೋಡಿದಳು.

"ನಾ ದಿನಾ ಮುಂಜಾನೆ ಹದಿನೈದು ಸಾಲು ಚುಕ್ಕಿ ಇಡತೀನಿ, ಒಂದೂ ಆಕಡೆ ಈಕಡೆ ಆಗಂಗಿಲ್ಲ. ನೀವು ವರ್ಷಕ್ಕ ಒಂದು ಚುಕ್ಕಿ ಇಟ್ಟ್ರಿ."

ಅವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅವಳದು ಬೇರೆಯೇ ತಕರಾರು. "ಆರು ಫೂಟು ಐದು ಇಂಚು ಅಂತ ಬಾಯಿಲೆ ಹೇಳಿದ್ರ ಆಗ್ತಿದ್ದಿಲ್ಲೇನೋ ತಮ್ಮಾ? ಬಾಯಿ ಏನು ಶಾಲಿಗೆ ಕೊಟ್ಟ ಬಂದಿದ್ದಿ?"

ಎತ್ತರ ತಪ್ಪಿದ್ದು ಹಾಳಾಗಲಿ, ಬೆಲೆಯಲ್ಲಾದರೂ ಗೆದ್ದಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಅಂಗಡಿಯವನು ಬಾಗಿಲಿಗೆ 10,000 ರೂಪಾಯಿ ಹೇಳಿದ್ದ. ನಾನು ಮಾಸ್ತರ ಎಂದು ಪರಿಚಯ ಮಾಡಿಕೊಂಡೆ. ಬಾಯಿ ಜಾರಿದ್ದು ಅಲ್ಲಿಯೇ. ಅವನು ಎದೆಯ ಮೇಲೆ ಕೈ ಇಟ್ಟು, "ಸರ್, ನಮ್ಮ ಹುಡುಗೋರಿಗೆ ವಿದ್ಯಾ ಕಲಿಸೋರು ನೀವು. ನಿಮಗ ಇಪ್ಪತ್ತು ಪರ್ಸೆಂಟ್ ಬಿಟ್ಟೆ ಹೋಗ್ರಿ" ಎಂದ. ಇಪ್ಪತ್ತು! ಹತ್ತು ಕೇಳಬೇಕೆಂದು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಎಣಿಸಿ 8,000 ಕೊಟ್ಟು, 2,000 ಉಳಿಸಿದ ಹುರುಪಿನಲ್ಲಿ ಹೆಂಡತಿಗೆ ಬಳೆ ಕೊಡಿಸುತ್ತೇನೆಂದೆ. ಅವಳು ಬಳೆ ಹಾಕಿಸಿಕೊಂಡಳು, ರೊಕ್ಕ ಕೊಡುವವರೆಗೆ ಕಾದಳು, ಆಮೇಲೆ ಹೇಳಿದಳು:

"ನಿಮಗಿಂತ ಮದಲ ಬಂದಾಂವಗ ಅದ ಬಾಗಲಾ ಎಂಟು ಸಾವಿರ ಹೇಳಿದ್ದ. ನೀವು ನಾಟಕದ ಕಂಪನಿ ಬೋರ್ಡ್ ನೋಡಕೋತ ನಿಂತಿದ್ರಿ."

ಇದನ್ನು ನಾನು ಕಲಿಸುತ್ತೇನೆ! 8,000ಕ್ಕೆ 25 ಪರ್ಸೆಂಟ್ ಏರಿಸಿದರೆ 10,000. ಆ 10,000ಕ್ಕೆ 20 ಪರ್ಸೆಂಟ್ ಇಳಿಸಿದರೆ ಮತ್ತೆ 8,000. ಏರಿದ್ದು ಇಳಿದದ್ದು ಎರಡೂ ಅದೇ 2,000. ಏರುವಾಗ ಅದು ಎಂಟರ ಮೇಲೆ ನಿಂತಿತ್ತು, ಇಳಿಯುವಾಗ ಹತ್ತರ ಮೇಲೆ. ಶೇಕಡಾ ಎಂಬುದಕ್ಕೆ ಸ್ವಂತ ಕಾಲಿಲ್ಲ, ಯಾವುದಾದರೊಂದರ ಹೆಗಲೇರಿಯೇ ಬರುತ್ತದೆ. ಅದಕ್ಕೇ ಎಂಟನೇ ತರಗತಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ ಅಂಟಿಸಿದ್ದೇನೆ: 'ಯಾತರ ಮ್ಯಾಲೆ?' ಶೇಕಡಾ ಕಂಡಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಅದೊಂದೇ. ಪುಸ್ತಕದ ಭಾಷೆಯಲ್ಲಿ 'ಯಾವುದರ ಶೇಕಡಾ' ಎಂದು ಬರೆದಿದ್ದರೆ ನಮ್ಮ ಹುಡುಗರ ಕಿವಿಗೆ ಹೋಗುತ್ತಿರಲಿಲ್ಲ. ಈಗ ಯಾರಾದರೂ ಐವತ್ತು ಪರ್ಸೆಂಟ್ ರಿಯಾಯಿತಿ ಎಂದರೆ ಸಾಕು, ಮೂವತ್ತೆಂಟು ಬಾಯಿಗಳು ಒಟ್ಟಿಗೆ "ಯಾತರ ಮ್ಯಾಲ್ರೀ?" ಎನ್ನುತ್ತವೆ. ಅವರನ್ನು ಜಾತ್ರೆಗೆ ಬಿಟ್ಟರೆ ಅಂಗಡಿಯವರು ಬಾಗಿಲು ಹಾಕಿಕೊಂಡಾರು. ಮಾರಾಟದ ಬಾಗಿಲನ್ನೇ.

ಜಾತ್ರೆಯ ಆ ದಿನ ಮಧ್ಯಾಹ್ನ ಗುಡಿಯ ಹೊಂಡದ ದಂಡೆಯಲ್ಲಿ ರೊಟ್ಟಿ ಬುಟ್ಟಿಯ ಅಜ್ಜಿಯೊಬ್ಬಳ ಹತ್ತಿರ ಊಟಕ್ಕೆ ಕುಳಿತೆವು. ಖಡಕ್ ರೊಟ್ಟಿ, ಕೆಂಪು ಚಟ್ನಿ, ಝುಣಕದ ವಡಿ, ಕಾಳುಪಲ್ಯ, ಮೊಸರು. ಕಳೆದುಕೊಂಡ ಮಾನವನ್ನು ಸ್ವಲ್ಪವಾದರೂ ಗಳಿಸಲೆಂದು ನಾನು ಅವಳನ್ನು ಕೇಳಿದೆ, "ಯಮ್ಮಾ, ನಿನಗ ಇದರಾಗ ಎಷ್ಟು ಪರ್ಸೆಂಟ್ ಫಾಯ್ದೆ?"

"ಪರ್ಶೆಂಟ್ ಗಿರ್ಶೆಂಟ್ ನನಗ ತಿಳಿಯಂಗಿಲ್ಲಪಾ. ಕಿಲೋ ಹಿಟ್ಟಿಗೆ ಹದಿನಾರು ರೊಟ್ಟಿ. ಹನ್ನೊಂದು ಮಾರಿದೆ ಅಂದ್ರ ಹಿಟ್ಟು, ಪಲ್ಯ, ಕಟಗಿ, ಬಸ್ಸಿನ ರೊಕ್ಕ ಎಲ್ಲಾ ಬಂತು. ಹನ್ನೆರಡನೇ ರೊಟ್ಟಿಯಿಂದ ನನ್ನ ಹೊಟ್ಟಿ."

ಚಟ್ನಿಯ ಎಣ್ಣೆ ಮೆತ್ತಿದ ಬೆರಳಿನಿಂದ ನಾನು ಅಲ್ಲೇ ಗಾಳಿಯಲ್ಲಿ ಲೆಕ್ಕ ಹಾಕತೊಡಗಿದೆ. ಹದಿನಾರರಲ್ಲಿ ಹನ್ನೊಂದು ಹೋದರೆ ಐದು. ಅಸಲಿನ ಮೇಲೆ ನೋಡಿದರೆ ಹನ್ನೊಂದಕ್ಕೆ ಐದು, 45.45 ಪರ್ಸೆಂಟ್, ಅದೂ ಮುಗಿಯದ ದಶಮಾಂಶ. ಮಾರಾಟದ ಮೇಲೆ ನೋಡಿದರೆ ಹದಿನಾರಕ್ಕೆ ಐದು, 31.25. ಯಾವುದನ್ನು ಹೇಳಲಿ ಎಂದು ನಾನು ಒದ್ದಾಡುತ್ತಿರುವಾಗ, ಜೊತೆಗೆ ಬಂದಿದ್ದ ನಮ್ಮ ಅವ್ವ ರೊಟ್ಟಿ ಮುರಿಯುತ್ತ ಅಜ್ಜಿಗೆ ಹೇಳಿದಳು: "ಅಂದ್ರ ರೂಪಾಯಿಗೆ ಐದಾಣೆ ಉಳೀತೈತಿ. ಪಾಡ ಆತಲ್ಲ ಯವ್ವಾ."

ಐದಾಣೆ. ರೂಪಾಯಿಗೆ ಹದಿನಾರಾಣೆ, ಅದರಲ್ಲಿ ಐದು. ಉಗುಳು ನುಂಗುವಷ್ಟು ಹೊತ್ತೂ ಹಿಡಿಯಲಿಲ್ಲ. ಅವ್ವ ಓದಿದ್ದು ನಾಲ್ಕನೆಯ ಇಯತ್ತೆ. ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದಿಡಕಿ ಎಂದು ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳನ್ನು ಹಾಡಿನಂತೆ ಕಂಠಪಾಠ ಮಾಡಿಸುತ್ತಿದ್ದ ಕಾಲ. ನಮ್ಮದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಾಗಿದ್ದಾಗ ಬಂದ ಹೆಸರುಗಳು, ಅದಕ್ಕೇ ಅವುಗಳಿಗೆ ಮರಾಠಿ ವಾಸನೆ. 1956ರ ನವೆಂಬರಿನಲ್ಲಿ ನಮ್ಮ ರಾಜ್ಯ ಬದಲಾಯಿತು, ಐದೇ ತಿಂಗಳಿಗೆ, 1957ರ ಏಪ್ರಿಲ್ 1ರಂದು, ರೊಕ್ಕವೂ ಬದಲಾಯಿತು. ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಆ ನಯಾಪೈಸೆಯ ಬಗ್ಗೆ ಅವ್ವನಿಗೆ ಇರುವ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಒಂದಾಣೆಗೆ ಆರು ನಯಾಪೈಸಾ ಅಂತ ಅಂಗಡ್ಯಾಂವ ಲೆಕ್ಕಾ ಹಿಡದ. ಹದಿನಾರು ಸಲ ಒಂದೊಂದಾಣೆದು ಕೊಟ್ಟ್ರ ಎಷ್ಟಾತು?"

"ತೊಂಬತ್ತಾರು."

"ರೂಪಾಯಿಗೆ ನೂರಲ್ಲ? ಉಳದ ನಾಕ ಪೈಸಾ ಎಲ್ಲಿ ಹೋತು?"

ಒಂದಾಣೆ ಎಂದರೆ ನಿಜದಲ್ಲಿ 6.25 ಪೈಸೆ, ಕಾಲು ಪೈಸೆಯ ನಾಣ್ಯ ಇಲ್ಲದ್ದರಿಂದ ಆರಕ್ಕೆ ಇಳಿಸಿದರು. ಮೂರಾಣೆಗೆ 18.75 ಆಗುತ್ತಿತ್ತು, ಅದನ್ನು 19ಕ್ಕೆ ಏರಿಸಿದರು. ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರುತ್ತದೆ. ಇದಕ್ಕೆ ಅಂದಾಜಿಸಿ ದುಂಡು ಮಾಡುವುದು ಎನ್ನುತ್ತೇವೆ ಎಂದು ಕ್ಲಾಸಿನ ದನಿಯಲ್ಲಿ ವಿವರಿಸಿದೆ.

"ನಾನೂ ದಿನಾ ರೊಟ್ಟಿ ದುಂಡಗ ಮಾಡತೀನಿ" ಎಂದಳು ಅವ್ವ. "ಹಿಟ್ಟು ಎಂದೂ ಕಮ್ಮಿ ಆಗಿಲ್ಲ."

ಅವ್ವನ ಆಣೆಯನ್ನು ಹಳೆಯ ಕಾಲದ ಹಟವೆಂದು ತಳ್ಳಿಹಾಕುವಂತಿಲ್ಲ ಎಂದು ನನಗೆ ಮನವರಿಕೆಯಾದದ್ದು ಹೊಲದ ಲಾವಣಿ ರೊಕ್ಕ ಹಂಚುವಾಗ. ನಾವು ಮೂವರು ಅಣ್ಣತಮ್ಮಂದಿರು, ಲಾವಣಿ 40,000. ಎಲ್ಲರಿಗೂ ಸಮಪಾಲು, ಅನುಪಾತ 1:1:1, ಮೂರನೇ ತರಗತಿಯವನೂ ಬಿಡಿಸುವ ಲೆಕ್ಕ. ನಾನು ನ್ಯಾಯ ತಪ್ಪಬಾರದೆಂದು ಫೋನಿನಲ್ಲಿ ಇಬ್ಬರಿಗೂ 13,333.33 ಕಳಿಸಿದೆ. ಹಿರಿಯಣ್ಣ ಹುಬ್ಬಳ್ಳಿಯಿಂದ ಫೋನು ಮಾಡಿದ. "ಇದೇನಲೇ ಮೂವತ್ಮೂರು ಪೈಸೆ? ಅಣ್ಣತಮ್ಮರ ನಡುವ ಪೈಸಾದ ಲೆಕ್ಕಾ ಹಚ್ಚಿಯೇನು?" ಕಿರಿಯವನು ಇನ್ನೂ ಸೂಕ್ಷ್ಮ. "ಮೂವರದೂ ಕೂಡಿಸಿದ್ರ 39,999.99 ಆಗತೈತಿ. ಉಳದ ಒಂದು ಪೈಸೆ ನಿನ್ನ ಹತ್ರ ಐತೇನಪಾ?" ಎಂದು ನಕ್ಕ. ಅವನು ಬ್ಯಾಂಕಿನಲ್ಲಿ ಇರುವವನು, ನಗು ಅವನಿಗೆ ಸೋವಿ.

ಅವ್ವನ ಮುಂದೆ ಅಲವತ್ತುಕೊಂಡೆ. ನೂರನ್ನು ಮೂರರಿಂದ ಭಾಗಿಸಿದರೆ ಚುಕ್ಕಿಯ ಮುಂದೆ ಮೂರು ಮೂರು ಮೂರು ಎಂದು ಹೋಗುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ ಎಂದೆ.

"ನಿಮ್ಮ ಚುಕ್ಕಿಗೆ ಮುಗಿಯಂಗಿಲ್ಲ. ನಮಗ ಮುಗೀತಿತ್ತು. ರೂಪಾಯಿ ಮೂರು ಮಂದಿಗೆ ಹಂಚಿದ್ರ ಐದಾಣೆ ನಾಕ ಪೈ. ಅತ್ತಲಾಗ ಒಂದು ಪೈ ಇಲ್ಲ, ಇತ್ತಲಾಗ ಒಂದು ಪೈ ಇಲ್ಲ."

ನಾನು ಕಾಗದದ ಮೇಲೆ ನೋಡಿದೆ. ಆಣೆಗೆ ಹನ್ನೆರಡು ಪೈ, ರೂಪಾಯಿಗೆ 192 ಪೈ. ಮೂರರಿಂದ ಭಾಗಿಸಿದರೆ 64. ಅರವತ್ನಾಲ್ಕು ಪೈ ಎಂದರೆ ಐದಾಣೆ ನಾಲ್ಕು ಪೈ, ಚೊಕ್ಕ. ನೂರಕ್ಕೆ ಮೂರು ಹಿಡಿಯುವುದಿಲ್ಲ, ನೂರತೊಂಬತ್ತೆರಡಕ್ಕೆ ಹಿಡಿಯುತ್ತದೆ. ಅವ್ವನ ಕಾಲದ ರೂಪಾಯಿ ಮೂವರು ಗಂಡುಮಕ್ಕಳಿದ್ದ ಮನೆಗೆಂದೇ ಮಾಡಿದಂತಿತ್ತು. ಸಮಾಧಾನಕ್ಕೆ ಅವ್ವ ಒಂದು ದಾರಿ ಹೇಳಿದಳು. "ಆ ಒಂದು ಪೈಸೆ ಮಂದಿರದ ಕಾಣಿಕೆ ಪೆಟ್ಟಿಗ್ಯಾಗ ಹಾಕಿ, ಬರೋವಾಗ ಒಂದು ವಿಭೂತಿ ಗಟ್ಟಿ ತೊಗೊಂಡು ಬಾ. ಮನಿಯಾಗ ಮುಗದೈತಿ." ಒಂದು ಪೈಸೆಯ ನಾಣ್ಯ ಈಗೆಲ್ಲಿದೆ? ನಾಲ್ಕಾಣೆಯನ್ನೇ 2011ರ ಜೂನ್ 30ಕ್ಕೆ ಸರಕಾರ ಕೈಬಿಟ್ಟಿತು. ವಿಭೂತಿಗೆ ಹತ್ತಿದ್ದು ಪೂರಾ ರೂಪಾಯಿಗಳು, ಚುಕ್ಕಿ ಇಲ್ಲದವು.

ಆ ತಾರೀಖು ನನಗೆ ನೆನಪಿರಲು ಕಾರಣವಿದೆ. ಎಂಟನೇ ತರಗತಿಯ ಮಕ್ಕಳು ಹೆಚ್ಚುಕಡಿಮೆ ಹುಟ್ಟಿದ್ದೇ ಅದರ ಆಚೀಚೆ. ಅವರ ಕೈಗೆ ಪೈಸೆ ತಾಗಿಯೇ ಇಲ್ಲ. ನಾನು ಚಿಕ್ಕವನಿದ್ದಾಗ 3 ರೂಪಾಯಿ 5 ಪೈಸೆಗೂ 3 ರೂಪಾಯಿ 50 ಪೈಸೆಗೂ ಇರುವ ವ್ಯತ್ಯಾಸವನ್ನು ಪೆಪ್ಪರಮಿಂಟು ಕಲಿಸುತ್ತಿತ್ತು. ಐದು ಪೈಸೆಗೆ ಒಂದು, ಐವತ್ತಕ್ಕೆ ಚಡ್ಡಿಯ ಕಿಸೆ ತುಂಬ. ಈಗಿನ ಹುಡುಗ 3.5ನ್ನು ಮೂರು ರೂಪಾಯಿ ಐದು ಪೈಸೆ ಎಂದು ಓದಿದರೆ ಅವನ ತಪ್ಪಲ್ಲ. 3.10 ದೊಡ್ಡದೋ 3.9 ದೊಡ್ಡದೋ ಎಂದು ಕೇಳಿದರೆ ಅರ್ಧ ಕ್ಲಾಸು ಹತ್ತು ಒಂಬತ್ತಕ್ಕಿಂತ ದೊಡ್ಡದೆಂದು 3.10ಕ್ಕೆ ಕೈ ಎತ್ತುತ್ತದೆ. ಆಗ ನಾನು ಕೇಳುತ್ತೇನೆ: "ಮೂರು ರೂಪಾಯಿ ಹತ್ತು ಪೈಸೆ ಬೇಕೋ, ಮೂರು ರೂಪಾಯಿ ತೊಂಬತ್ತು ಪೈಸೆ ಬೇಕೋ?" ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ: "ಎರಡೂ ಬ್ಯಾಡ್ರಿ ಸರ್, ನಾಕು ಕೊಡ್ರಿ." ಮಾರುಕಟ್ಟೆಯಂತೂ ಎಂದೋ ದುಂಡು ಮಾಡಿ ಮುಗಿಸಿದೆ. ಚುಕ್ಕಿ ಈಗ ಉಳಿದಿರುವುದು ಪೆಟ್ರೋಲ್ ಪಂಪಿನ ಬೋರ್ಡಿನ ಮೇಲೆ, ಅಕ್ಕಸಾಲಿಗನ ತಕ್ಕಡಿಯಲ್ಲಿ, ಮತ್ತು ನನ್ನ ಹೆಂಡತಿಯ ರಂಗೋಲಿಯಲ್ಲಿ.

ಇನ್ನು ಬಡ್ಡಿಯ ಕಥೆ. ಇದನ್ನು ಬಿಟ್ಟುಬಿಡಬೇಕೆಂದಿದ್ದೆ, ಹೆಂಡತಿ ಬರೆಯಲೇಬೇಕೆಂದಳು. ಆ ಹಿತ್ತಲ ಕೋಣೆಯ ಸ್ಲ್ಯಾಬಿಗೆ 50,000 ಬೇಕಾಗಿತ್ತು. ಬ್ಯಾಂಕಿನಲ್ಲಿ 12 ಪರ್ಸೆಂಟ್ ಎಂದರು, ಪಗಾರದ ಚೀಟಿ, ಜಾಮೀನು, ನಾಲ್ಕು ಫೋಟೋ ಕೇಳಿದರು. ಪರಿಚಯದವರೊಬ್ಬರು ಫೋಟೋ ಕೇಳದೆ, "ಎರಡರ ಬಡ್ಡಿ, ಮಾಸ್ತರಂತ ಕೊಡಾಕತ್ತೀನಿ" ಎಂದರು. ನನಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟು, ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಬ್ಯಾಂಕಿನವರು ಹನ್ನೆರಡು ಅಂದ್ರು, ನಾ ಎರಡಕ್ಕ ತಂದೆ."

ಅವಳು ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ತಿಂಗಳಿಗೋ ವರ್ಷಕ್ಕೋ?"

ನಾನು ಫ್ಯಾನಿನ ವೇಗ ಹೆಚ್ಚಿಸಿದೆ.

"ಎರಡು ಅಂದ್ರ ತಿಂಗಳಿಗೆ ನೂರಕ್ಕ ಎರಡು. ವರ್ಷಕ್ಕ ಇಪ್ಪತ್ನಾಕು. ಬ್ಯಾಂಕಿಂದು ಹನ್ನೆರಡು ವರ್ಷಕ್ಕ. ನೀವು ಸೋವಿ ಅಂತ ತಂದದ್ದು ದುಪ್ಪಟ್ಟು ತುಟ್ಟಿ." ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ಅದು ನನ್ನ ದಿಕ್ಕಿಗೇ ಬಂದಿತ್ತು ಎಂಬುದು ಕಾಕತಾಳೀಯ.

ಎಂಟು ತಿಂಗಳಿಗೆ ಗಂಟು ತೀರಿಸಿದೆ. ಅಷ್ಟರಲ್ಲಿ ಬಡ್ಡಿಯೆಂದು ಕೊಟ್ಟದ್ದು 8,000, ಅಂದರೆ ಸರಿಯಾಗಿ ಒಂದು ಬಾಗಿಲು. ಬ್ಯಾಂಕಿನಲ್ಲಿ ಸರಳಬಡ್ಡಿ ಹಿಡಿದರೆ 4,000ದಲ್ಲಿ ಮುಗಿಯುತ್ತಿತ್ತು. ಮಾನ ಉಳಿಸಿಕೊಳ್ಳಲು ಇತಿಹಾಸದ ಮೊರೆ ಹೋದೆ. ನಮ್ಮ ನಾಡಿಗೆ ಬಡ್ಡಿಲೆಕ್ಕ ಹೊಸದೇನಲ್ಲ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದು ಅದರಲ್ಲಿ ಬಡ್ಡಿ, ಅಸಲು, ಪಾಲುಗಾರಿಕೆಯ ಲೆಕ್ಕಗಳನ್ನು ಹಾಕಿದ. ಭಾಸ್ಕರಾಚಾರ್ಯನ 'ಲೀಲಾವತಿ' 1150ರದು, ಮೂರು ಗೊತ್ತಿದ್ದರೆ ನಾಲ್ಕನೆಯದನ್ನು ಹಿಡಿಯುವ ತ್ರೈರಾಶಿಕ ಅದರಲ್ಲಿದೆ. ಅದೇ ಶತಮಾನದಲ್ಲಿ ರಾಜಾದಿತ್ಯ ಇದನ್ನೆಲ್ಲ ಕನ್ನಡದಲ್ಲೇ 'ವ್ಯವಹಾರಗಣಿತ' ಎಂದು ಪದ್ಯ ಕಟ್ಟಿ ಹೇಳಿದ ಎಂದು ಉಸಿರು ಬಿಡದೆ ಹೇಳಿದೆ.

ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ಸಾವಿರ ವರ್ಷದ ಮ್ಯಾಲಿಂದ ಹೇಳಿಕೊಡಾಕತ್ತಾರ. ಕನ್ನಡದಾಗ ಬ್ಯಾರೆ. ನಿಮಗ ಇನ್ನೂ ಬಂದಿಲ್ಲ."

ಮನೆಯಲ್ಲಿ ಹೀಗಾದರೆ ಶಾಲೆಯಲ್ಲಾದರೂ ತಲೆ ಎತ್ತಿ ನಡೆಯೋಣವೆಂದು ಆ ವರ್ಷ ಮಕ್ಕಳ ಸಂತೆ ಏರ್ಪಡಿಸಿದೆ. ನಮ್ಮ ಕಡೆಯ ಶಾಲೆಗಳಲ್ಲಿ ಇದು ರೂಢಿ. ಹುಡುಗರು ಮೆಂತ್ಯೆ, ಬದನೆ, ಲಿಂಬೆ, ಚುರಮರಿ ತಂದು ಶಾಲೆಯ ಅಂಗಳದಲ್ಲಿ ಮಾರುತ್ತಾರೆ. ಊರವರು, ಮಾಸ್ತರರು ಗಿರಾಕಿಗಳು. ಪುಸ್ತಕದಲ್ಲಿ ರಾಮ ಹತ್ತು ಕುರ್ಚಿ ಕೊಂಡು ಲಾಭಕ್ಕೆ ಮಾರಿದನೆಂದರೆ ಯಾವ ಹುಡುಗನಿಗೂ ನೋವಿಲ್ಲ, ನಲಿವಿಲ್ಲ. ತನ್ನ ಕೊತ್ತಂಬರಿ ಬಾಡಿ ಅರ್ಧ ಬೆಲೆಗೆ ಹೋದಾಗ ನಷ್ಟ ಎಂದರೇನೆಂದು ಹೊಟ್ಟೆಗೆ ತಿಳಿಯುತ್ತದೆ. ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಪಾಠ ಇದು ಎಂದು ಇವತ್ತಿಗೂ ನಂಬುತ್ತೇನೆ, ಕಲಿತವರು ಯಾರು ಎಂಬುದು ಬೇರೆ ಮಾತು.

ನನ್ನ ಮಗಳು ಮತ್ತವಳ ಗೆಳತಿ ಕೂಡಿ ಚುರಮರಿ ಒಗ್ಗರಣೆಯ ಅಂಗಡಿ ಹಾಕಿದರು. ಮಗಳು ಅಜ್ಜಿಯಿಂದ ತಂದದ್ದು 200, ಗೆಳತಿಯದು 300, ಅನುಪಾತ 2:3. ಐನೂರೂ ಖರ್ಚಾಯಿತು. ಪ್ಲೇಟಿಗೆ 20ರಂತೆ 40 ಪ್ಲೇಟು, ಒಟ್ಟು 800. ನಾನು ಹಸಿದು ಬಂದಿದ್ದೆ. ಎರಡು ಪ್ಲೇಟು ತಿಂದೆ, ಕಿಸೆ ಮುಟ್ಟಿ ನೋಡಿದರೆ ಪಾಕೀಟು ಮನೆಯಲ್ಲಿ. "ಉದ್ರಿ ಬರಕೋ" ಎಂದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು, ಜೊತೆಗೆ ಇನ್ನು ನಾಲ್ವರು ಸಹೋದ್ಯೋಗಿಗಳು. ಐದೂ ಪ್ಲೇಟು ನನ್ನ ಲೆಕ್ಕದಲ್ಲಿ ಎಂದು ಧಾರಾಳವಾಗಿ ಕೈ ಬೀಸಿದೆ. ಮಗಳು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ 'ಗಣಿತ ಸರ್, 7 ಪ್ಲೇಟು, 140.00' ಎಂದು ಬರೆದುಕೊಂಡಳು. ಚುಕ್ಕಿ, ಅದರ ಮುಂದೆ ಎರಡು ಸೊನ್ನೆ. ಅಪ್ಪ ಎಂದು ಬರೆದಿರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಲಾಭ ಶೇಕಡಾ ಎಷ್ಟೆಂದು ಎಲ್ಲರೂ ಹೇಳಬೇಕು. ಮಗಳು ಎದ್ದು ನಿಂತಳು. "800ರಾಗ 500 ಹೋದ್ರ 300 ಫಾಯ್ದೆ ಸರ್. ಅದರಾಗ 140 ನಿಮ್ಮ ಹೊಟ್ಟ್ಯಾಗ ಐತಿ." ಕ್ಲಾಸು ಗೊಳ್ಳೆಂದಿತು. ನಾನು ಗಂಭೀರವಾಗಿ, ಉದ್ರಿಯೂ ಬರಬೇಕಾದ ರೊಕ್ಕವೇ, ಅದನ್ನು ಲಾಭದಲ್ಲಿ ಹಿಡಿಯಬೇಕು ಎಂದು ತಿಳಿಹೇಳಿದೆ. "ಬರತದ ಅಂತ ಗ್ಯಾರಂಟಿ ಇದ್ರರೀ" ಎಂದ ಹಿಂದಿನ ಬೆಂಚು.

ಮಗಳು ಮತ್ತೊಂದು ಚೀಟಿ ತೆಗೆದಳು, ಅವಳ ತಾಯಿಯ ಕೈಬರಹದ್ದು. ಎಣ್ಣೆ, ಮನೆಯ ಶೇಂಗಾ, ಗ್ಯಾಸು: 80 ರೂಪಾಯಿ. ಕೂಲಿ: ಮಾಫಿ. "ಇದನ್ನೂ ಕೊಡಬೇಕ್ರಿ ಸರ್." ನಾನು ಹಲಗೆಯ ಮೇಲೆ ಬರೆದೆ: 300ರಲ್ಲಿ 80 ಹೋದರೆ 220. ಐನೂರಕ್ಕೆ 220 ಎಂದರೆ ನೂರಕ್ಕೆ 44. ಲಾಭ 44 ಪರ್ಸೆಂಟ್. ಕೆಳಗೆ ಎರಡು ಗೆರೆ ಎಳೆದು ಸೀಮೆಸುಣ್ಣ ಇಟ್ಟು ಕೈ ಝಾಡಿಸಿದೆ.

ಯಾರೂ ಬರೆದುಕೊಳ್ಳಲಿಲ್ಲ. ಮೂವತ್ತೆಂಟು ಜೋಡಿ ಕಣ್ಣು ನನ್ನನ್ನು ದಾಟಿ ಹಿಂದಿನ ಗೋಡೆ ನೋಡುತ್ತಿದ್ದವು. ತಿರುಗಿ ನೋಡಿದೆ. 'ಯಾತರ ಮ್ಯಾಲೆ?'

ಎಂಬತ್ತು ರೂಪಾಯಿಯೂ ಖರ್ಚೇ ಅಂದಮೇಲೆ ಅಸಲು 500 ಎಲ್ಲಿ ಉಳಿಯಿತು, 580 ಆಯಿತಲ್ಲ. 580ಕ್ಕೆ 220. ಬಿಡಿಸಿದರೆ 37.93. ಲಾಭದಿಂದ ಎಂಬತ್ತನ್ನು ಕಳೆದು, ಅಸಲಿಗೆ ಕೂಡಿಸಲು ಮರೆತಿದ್ದೆ. ಪರೀಕ್ಷೆಯಲ್ಲಿ ಇದೇ ತಪ್ಪಿಗೆ ನಾನು ಎರಡು ಮಾರ್ಕು ಕತ್ತರಿಸುತ್ತೇನೆ. 44ನ್ನು ಅಂಗಿಯ ತೋಳಿನಿಂದಲೇ ಒರೆಸಿದೆ. 220ನ್ನು 2:3ರಂತೆ ಹಂಚಿ ಮಗಳಿಗೆ 88, ಗೆಳತಿಗೆ 132 ಎಂದು ಬರೆದು ಇನ್ನೇನು ಮುಗಿಯಿತು ಎನ್ನುವಾಗ ಮಗಳು ಮತ್ತೆ ಕೈ ಎತ್ತಿದಳು. "ಅವ್ವ ಕೇಳ್ಯಾಳ್ರಿ. ತಾನೂ 80 ಹಾಕೀನಿ ಅಂದಮ್ಯಾಲ ತಾನು ಪಾಲುದಾರಳೋ, ಕೂಲಿಯಾಕಿಯೋ?"

ಪಾಲುದಾರಳಾದರೆ ಅನುಪಾತ 200:300:80, ಅಂದರೆ 10:15:4. ಲಾಭದ 220ನ್ನು 29 ಪಾಲು ಮಾಡಬೇಕು. 7.586... ಎಂದು ಹೋಗುತ್ತಲೇ ಇರುತ್ತದೆ. ನಮ್ಮ ಅವ್ವನ ಪೈ ಕೂಡ ಇದನ್ನು ಮುಗಿಸಲಾರದು. ಅಷ್ಟರಲ್ಲಿ ಗಂಟೆ ಹೊಡೆಯಿತು. ಶಾಲೆಯ ಸಿಪಾಯಿಗೆ ನಾನು ಇವತ್ತಿಗೂ ಋಣಿ. ಆ 140 ರೂಪಾಯಿ ಮಾತ್ರ ತಿಂಗಳ ಕೊನೆಗೆ ತೀರಿಸಲು ಹೋದಾಗ 142.80 ಆಗಿತ್ತು. "ಎರಡರ ಬಡ್ಡಿ" ಎಂದಳು ಮಗಳು.

ಈ ವರ್ಷ ಮತ್ತೆ ಬನದ ಹುಣ್ಣಿಮೆ ಬಂತು. ಹಿತ್ತಲ ಕೋಣೆಗೆ ಕಿಡಕಿ ಕೂಡಿಸುವುದು ಉಳಿದಿತ್ತು. ನಾನು ಟೇಪು ಹುಡುಕುತ್ತಿರುವಾಗ ಹೆಂಡತಿ ಸುತಳಿಯ ಒಂದು ಸುತ್ತು ತಂದು ಕೈಗಿಟ್ಟಳು. ಅವ್ವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಇಬ್ಬರೂ ಕೂಡಿ ಅಳೆದಿದ್ದರಂತೆ. ಒಂದು ಗಂಟು ಎತ್ತರಕ್ಕೆ, ಎರಡು ಗಂಟು ಅಗಲಕ್ಕೆ. "ಇದನ್ನ ಒಯ್ರಿ. ಇದರಾಗ ಚುಕ್ಕಿ ಇಲ್ಲ."

ಸುತಳಿಯನ್ನು ಜುಬ್ಬಾದ ಕಿಸೆಯಲ್ಲಿಟ್ಟುಕೊಂಡು, ಹೆಂಡತಿಯ ಹಿಂದೆ ಬಾಗಿಲುಗಳ ಓಣಿಯಲ್ಲಿ ನಡೆದೆ. ಅದೇ ಅಂಗಡಿ, ಅದೇ ಮನುಷ್ಯ. ಗುರುತು ಹಿಡಿದು ಎದ್ದು ನಿಂತ, ಎದೆಯ ಮೇಲೆ ಕೈಯಿಟ್ಟ. "ಬರ್ರಿ ಬರ್ರಿ ಸರ್! ಈ ಸಲ ನಿಮಗ ಇಪ್ಪತ್ತೈದು ಪರ್ಸೆಂಟ್ ಬಿಟ್ಟೆ."

ಒಂದು ವರ್ಷದಿಂದ ಕಾಯ್ದಿದ್ದ ಗಳಿಗೆ. ನಾನು ಗಂಟಲು ಸರಿಮಾಡಿಕೊಂಡು, ಕ್ಲಾಸಿನ ಪೂರಾ ದನಿಯಲ್ಲಿ ಕೇಳಿದೆ.

"ಯಾತರ ಮ್ಯಾಲೆ?"

ಅವನು ನನ್ನನ್ನು ಕನಿಕರದಿಂದ ನೋಡಿದ.

"ಕಿಡಕಿ ಮ್ಯಾಲ್ರೀ ಸರ್. ಮತ್ತ್ಯಾತರ ಮ್ಯಾಲ?"